‘ಮೇಲಿರುವ’ ದೇವರಿಗೆ ಬಿಷಪ್ಪರ ಪ್ರಶ್ನೆ

1963ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ‘ಆನೆಸ್ಟ್ ಟು ಗಾಡ್’ ಎಂಬ ಪುಟ್ಟ ಪುಸ್ತಕ ಹೊರಬಂತು. ಬರೆದವರು ನಾಸ್ತಿಕರಲ್ಲ, ಆಂಗ್ಲಿಕನ್ ಸಭೆಯ ವುಲಿಚ್ ಬಿಷಪ್ ಜಾನ್ ರಾಬಿನ್‌ಸನ್. ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದಾಗ ಹುಟ್ಟಿದ ಕೃತಿಯಿದು.

ಬೈಬಲ್ ಕಾಲದವರಿಗೆ ಜಗತ್ತು ಮೂರಂತಸ್ತಿನ ಮನೆ: ಮೇಲೆ ಸ್ವರ್ಗ, ನಡುವೆ ಭೂಮಿ, ಕೆಳಗೆ ಪಾತಾಳ. ಸತ್ತು ಎದ್ದ ಯೇಸು ಮೇಲಕ್ಕೆ ಏರಿಹೋದ. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದ ಕಾಲದಲ್ಲಿ ಆ ‘ಮೇಲೆ’ ಎಲ್ಲಿ?

ರಾಬಿನ್‌ಸನ್ ಕೊಟ್ಟ ಉತ್ತರ ಬಹುಪಾಲು ಜರ್ಮನ್ ಮೂಲದ ಮೂವರು ದೇವತಾಶಾಸ್ತ್ರಜ್ಞರಿಂದ ತಂದ ಕಡ. ಪುರಾಣದ ಭಾಷೆಯನ್ನು ಬಿಡಿಸಿ ಅದರೊಳಗಿನ ಸಂದೇಶವನ್ನು ಓದಬೇಕೆಂದು ಬುಲ್ಟ್‌ಮನ್ 1941ರಲ್ಲೇ ಹೇಳಿದ್ದರು. ಟಿಲಿಕ್ ಪಾಲಿಗೆ ದೇವರು ಎಲ್ಲೋ ಕುಳಿತ ವ್ಯಕ್ತಿಯಲ್ಲ, ಇರವಿಗೇ ಆಧಾರ. ಎಲ್ಲಕ್ಕಿಂತ ಚುಚ್ಚುವುದು ಬಾನ್‌ಹಾಫರ್ ಮಾತು. ಹಿಟ್ಲರನ ಸೆರೆಯಿಂದ 1944ರಲ್ಲಿ ಬರೆದ ಪತ್ರಗಳಲ್ಲಿ ಅವರ ವಾದ ಹೀಗಿದೆ: ತಿಳಿಯದ ಸಂದಿಗಳಲ್ಲಿ ದೇವರನ್ನು ತುರುಕಿದರೆ, ತಿಳಿವು ಬೆಳೆದಂತೆಲ್ಲ ದೇವರು ಹಿಂದೆ ಸರಿಯುತ್ತ ಹೋಗುತ್ತಾನೆ, ಆದ್ದರಿಂದ ಅವನನ್ನು ಬದುಕಿನ ನಟ್ಟನಡುವೆಯೇ ಕಾಣಬೇಕು. 1945ರ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಪುಸ್ತಕದ ವಾದ ಅಲ್ಲಲ್ಲಿ ಅವಸರದ್ದೇ. ಆರ್ಚ್‌ಬಿಷಪ್ ಮೈಕೆಲ್ ರ‍್ಯಾಮ್ಸೆ ಕಟುವಾಗಿ ಟೀಕಿಸಿದರು, ಮುಂದೆ ಆ ಬಿರುಸಿಗೆ ತಾವೇ ಪರಿತಪಿಸಿದರು. ಅಷ್ಟರಲ್ಲಿ ಲಕ್ಷಗಟ್ಟಲೆ ಪ್ರತಿಗಳು ಖರ್ಚಾಗಿದ್ದವು.