ಒಂದು ಅಪಘಾತ, ಎರಡು ಮೊಕದ್ದಮೆ

ಕಳ್ಳತನ, ದರೋಡೆ, ಹೊಡೆದಾಟಗಳ ಮೊಕದ್ದಮೆಗಳು ನಮ್ಮಂಥವರ ಹೊಸ್ತಿಲನ್ನು ಮೆಟ್ಟಲಾರವೆಂದು ನಾವು ನೆಮ್ಮದಿಯಿಂದಿರುತ್ತೇವೆ. ಆದರೆ ಮಾನವಂತರ ಮನೆಗೂ ಪೊಲೀಸರನ್ನು ಕರೆತರಬಲ್ಲ ಅಪರಾಧವೊಂದುಂಟು. ಕಚೇರಿಗೆ ಹೊತ್ತಾಯಿತೆಂದು ಕಾರನ್ನು ನುಗ್ಗಿಸಿದ ಯಜಮಾನ, ಗೆಳೆಯರೆದುರು ಮೋಟಾರು ಸೈಕಲ್ಲಿನ ವೇಗವನ್ನು ಮೆರೆಸಹೊರಟ ಮಗ—ಯಾರಾದರೇನು? ಅರೆಗಳಿಗೆಯ ಅಜಾಗ್ರತೆ ಸಾಕು. ದಾರಿಹೋಕನೊಬ್ಬ ನೆಲಕ್ಕುರುಳುತ್ತಾನೆ, ಎರಡು ಸಂಸಾರಗಳು ಒಮ್ಮೆಲೇ ಸಂಕಟಕ್ಕೆ ಸಿಲುಕುತ್ತವೆ.

ಇಂಥ ಸಮಯದಲ್ಲಿ ನೆರೆಹೊರೆಯವರಿಂದ ಬರುವ ಮೊದಲ ಸಲಹೆ, "ಅವರ ಮನೆಯವರಿಗೆ ಏನಾದರೂ ಕೊಟ್ಟು ಮುಗಿಸಿಬಿಡಿ" ಎಂಬುದು. ಈ ಮಾತನ್ನು ನಂಬಿ ಕೆಟ್ಟವರು ಅನೇಕರು. ಏಕೆಂದರೆ, ಅಪಘಾತ ಒಂದೇ ಆದರೂ ಅದರಿಂದ ಹುಟ್ಟುವ ಮೊಕದ್ದಮೆಗಳು ಎರಡು.

ಮೊದಲನೆಯದು ಅಪರಾಧದ ವಿಚಾರಣೆ. ಇಲ್ಲಿ ವಾದಿಯು ಸತ್ತವರ ಕುಟುಂಬವಲ್ಲ, ಸರ್ಕಾರ. ಹಳೆಯ ದಂಡಸಂಹಿತೆಯ 304-ಎ ಕಲಮಿನ ಪ್ರಕಾರ, ನಿರ್ಲಕ್ಷ್ಯದಿಂದ ಮರಣವನ್ನುಂಟುಮಾಡಿದವನಿಗೆ ಹೆಚ್ಚೆಂದರೆ ಎರಡು ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷಗಳವರೆಗೆ ಏರಿಸಿದೆ. ರಾಜಿಗೆ ಒಳಪಡುವ ಅಪರಾಧಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಆದ್ದರಿಂದ ಮೃತನ ತಾಯಿಯೇ ಕ್ಷಮಿಸಿದರೂ ಮ್ಯಾಜಿಸ್ಟ್ರೇಟರು ಮೊಕದ್ದಮೆಯನ್ನು ಅಷ್ಟಕ್ಕೇ ಕೈಬಿಡುವಂತಿಲ್ಲ.

ಎರಡನೆಯದು ಪರಿಹಾರದ ಅರ್ಜಿ. ಇದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪ್ರತ್ಯೇಕ ನ್ಯಾಯಮಂಡಳಿಯ ಮುಂದೆ ನಡೆಯುತ್ತದೆ. ಮೃತನ ವಯಸ್ಸು, ವರಮಾನ, ಅವನನ್ನು ನಂಬಿದ್ದವರ ಸಂಖ್ಯೆ—ಇವುಗಳ ಮೇಲೆ ಪರಿಹಾರದ ಮೊತ್ತ ನಿರ್ಧಾರವಾಗುತ್ತದೆ. ವಾಹನಕ್ಕೆ ವಿಮೆಯಿದ್ದರೆ ಸಾಮಾನ್ಯವಾಗಿ ಕಂಪೆನಿಯೇ ಹಣ ತೆರುತ್ತದೆ. ವಿಮೆಯ ಅವಧಿ ಮುಗಿದಿದ್ದರೆ ಆ ಭಾರವೆಲ್ಲವೂ ಮಾಲೀಕನ ತಲೆಯ ಮೇಲೆ. ಅಪರಾಧದ ವಿಚಾರಣೆಯಲ್ಲಿ ತಪ್ಪು ಸಂಶಯಾತೀತವಾಗಿ ರುಜುವಾತಾಗಬೇಕು. ನ್ಯಾಯಮಂಡಳಿಗಾದರೋ ಸಂಭಾವ್ಯತೆಯೇ ಸಾಕು. ಅಲ್ಲಿ ಬಿಡುಗಡೆಯಾದವನು ಇಲ್ಲಿ ಹೊಣೆಗಾರನಾಗಬಹುದು.

ಈ ಎರಡು ಮೊಕದ್ದಮೆಗಳಲ್ಲಿಯೂ ಮೊದಲ ಗಂಟೆಯಲ್ಲಿ ಚಾಲಕನು ಏನು ಮಾಡಿದನೆಂಬುದು ಬಹು ಮುಖ್ಯ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, ಪೊಲೀಸರಿಗೆ ಬೇಗನೆ, ಹೆಚ್ಚೆಂದರೆ 24 ಗಂಟೆಗಳೊಳಗೆ, ತಿಳಿಸುವುದು, ವಿಮಾ ಕಂಪೆನಿಗೆ ಬರೆದು ತಿಳಿಸುವುದು—ಇವು ಕಾಯಿದೆಯ 134ನೆಯ ಕಲಮು ವಿಧಿಸಿದ ಕರ್ತವ್ಯಗಳು. ರೊಚ್ಚಿಗೆದ್ದ ಜನರಿಂದ ಪ್ರಾಣಭಯವಿದ್ದರೆ ಸ್ಥಳದಲ್ಲಿ ನಿಲ್ಲಲಾಗದ ಕಷ್ಟವನ್ನು ಕಾಯಿದೆಯೂ ಬಲ್ಲದು. ಆಗ ನೇರವಾಗಿ ಠಾಣೆಗೆ ಹೋಗುವುದೇ ವಿವೇಕ. ನಿರ್ಲಕ್ಷ್ಯದ ಈ ಅಪರಾಧಕ್ಕೆ ಜಾಮೀನು ಹಕ್ಕಾಗಿಯೇ ದೊರೆಯುತ್ತದೆ. ಹೀಗಿರುವಾಗ ಓಡಿ ಅವಿತುಕೊಳ್ಳುವುದೇಕೆ?

ಇದಕ್ಕಿಂತಲೂ ಅಪಾಯಕರವಾದುದು, ಮಗನ ಬದಲು ಸಂಬಳದ ಚಾಲಕನನ್ನು ಠಾಣೆಗೆ ಕಳುಹಿಸುವ ಹಂಚಿಕೆ. ಅಪರಾಧಿಯನ್ನು ಉಳಿಸಲು ಸುಳ್ಳು ಮಾಹಿತಿ ಕೊಡುವುದು ತಾನೇ ಒಂದು ಅಪರಾಧ. ಮಗನೊಬ್ಬನ ಮೇಲಿದ್ದ ಮೊಕದ್ದಮೆ ಆಗ ಮನೆಮಂದಿಯ ಮೇಲೆಲ್ಲ ಹರಡುತ್ತದೆ. ಹದಿನೆಂಟು ತುಂಬದ ಹುಡುಗನ ಕೈಗೆ ಬೀಗದ ಕೈ ಕೊಟ್ಟ ತಂದೆಗಂತೂ 2019ರ ತಿದ್ದುಪಡಿಯಂತೆ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ; ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ.

ಮದ್ಯ ಸೇವಿಸಿದ್ದರೆ ಸಂಗತಿಯೇ ಬೇರೆ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶ ಕಂಡರೆ ಅದೇ ಒಂದು ಅಪರಾಧ. 2006ರಲ್ಲಿ ಮುಂಬಯಿಯ ಕಾಲುದಾರಿಯಲ್ಲಿ ಮಲಗಿದ್ದ ಏಳು ಮಂದಿ ಕೂಲಿಗಳು ಕಾರಿಗೆ ಸಿಕ್ಕಿ ಸತ್ತ ಪ್ರಕರಣದಲ್ಲಿ, ಅದು ಬರಿಯ ನಿರ್ಲಕ್ಷ್ಯವಲ್ಲ, ಸಾವು ಸಂಭವಿಸಬಹುದೆಂಬ ಅರಿವಿದ್ದ ಮಾನವಹತ್ಯೆ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ಅಂಥ ಆಪಾದನೆಗೆ ಜಾಮೀನು ಹಕ್ಕಲ್ಲ. ಶಿಕ್ಷೆಯೂ ಹತ್ತು ವರ್ಷಗಳವರೆಗೆ ಹೋಗಬಹುದು.

ಹಾಗೆಂದು ಪ್ರತಿಯೊಬ್ಬ ಚಾಲಕನೂ ಅಪರಾಧಿಯೇನಲ್ಲ. ಕರ್ನಾಟಕದ ಲಾರಿ ಅಪಘಾತವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ, "ಬಹಳ ವೇಗವಾಗಿ ಬಂದ" ಎಂಬ ಸಾಕ್ಷಿಯ ಮಾತೊಂದೇ ನಿರ್ಲಕ್ಷ್ಯಕ್ಕೆ ರುಜುವಾತಾಗದೆಂದು ತೀರ್ಪಿತ್ತಿತು. ಆದ್ದರಿಂದ ಸ್ಥಳದ ಮಹಜರು, ನಕಾಶೆ, ವಾಹನ ನಿರೀಕ್ಷಕರ ವರದಿ, ಬೀದಿಯ ಕ್ಯಾಮೆರಾದ ಚಿತ್ರ—ಇವುಗಳ ನಕಲನ್ನು ವಕೀಲರು ಮೊದಲೇ ಪರಿಶೀಲಿಸಬೇಕು. ವಾಯಿದೆಗಳಿಗೆ ಅಲೆದು ಬೇಸತ್ತು, ಮಾಡದ ತಪ್ಪನ್ನು ಒಪ್ಪಿಕೊಂಡು ಬರುವುದು ತರವಲ್ಲ. ಮಾಡಿದ ತಪ್ಪನ್ನು ಸುಳ್ಳಿನಿಂದ ಮುಚ್ಚುವುದೂ ತರವಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲುಂಟು. ರಸ್ತೆಯ ಮೊಕದ್ದಮೆಯಲ್ಲಾದರೋ ಒಬ್ಬನು ಕೋರ್ಟಿಗೆ ಬರುವ ಮೊದಲೇ ಸತ್ತಿರುತ್ತಾನೆ. ಅವನ ಮನೆಯಲ್ಲಿ ದುಡಿಯುವ ಕೈ ಇಲ್ಲದಾಗಿರಬಹುದು. ಶಾಲೆಗೆ ಹೋಗುವ ಮಕ್ಕಳಿರಬಹುದು. ವಿಮೆಯ ಕಾಗದವನ್ನು ಸಕಾಲದಲ್ಲಿ ನವೀಕರಿಸಿಡುವುದು, ನಡೆದುದನ್ನು ನಡೆದಂತೆ ಹೇಳುವುದು, ಪರಿಹಾರದ ಅರ್ಜಿಯನ್ನು ವಿನಾಕಾರಣ ಎಳೆದಾಡದಿರುವುದು—ಇಷ್ಟನ್ನು ಮಾಡಿದವನು ತನ್ನ ಮನೆಯ ಜೊತೆಗೆ ಆ ಮನೆಯನ್ನೂ ಸ್ವಲ್ಪಮಟ್ಟಿಗೆ ಕಾಯುತ್ತಾನೆ.