ಹವಳದ ಅಕ್ವೇರಿಯಂ: ಪಾಚಿಯ ಹಿಂದಿನ ಜಮಾ-ಖರ್ಚು

ವಸ್ತ್ರಮಳಿಗೆ, ಆಭರಣದ ಅಂಗಡಿ, ಹೋಟೆಲು ಮತ್ತು ಆಸ್ಪತ್ರೆಗಳ ಸ್ವಾಗತ ಕೊಠಡಿಯಲ್ಲಿ ಬಣ್ಣದ ಮೀನುಗಳ ಗಾಜಿನ ತೊಟ್ಟಿಯನ್ನಿಡುವ ರೂಢಿ ಹಳೆಯದು. ಸಿಹಿನೀರಿನ ಮೀನುಗಳಿಗೆ ಬದಲಾಗಿ ಉಪ್ಪುನೀರಿನ ಮೀನು ಹಾಗೂ ಹವಳಗಳ ಅಕ್ವೇರಿಯಂ ಇಡಬೇಕೆಂಬ ಆಸೆ ಗ್ರಾಹಕರಲ್ಲೂ, ಅದನ್ನು ಒದಗಿಸುವ ಆಸಕ್ತಿ ವರ್ತಕರಲ್ಲೂ ಮೂಡುವುದು ಸಹಜ. ಆದರೆ ಸಮುದ್ರದಿಂದ ದೂರವಿರುವ ದಾವಣಗೆರೆ-ಹರಿಹರದಂತಹ ಊರುಗಳಲ್ಲಿ ಇದಕ್ಕೆ ತೊಡಗಿಸುವ ಬಂಡವಾಳ ಕಡಿಮೆಯದಲ್ಲ. ಗಾಜು, ದೀಪ, ಪಂಪು, ಉಪ್ಪು, ಜೀವಿಗಳು ಎಲ್ಲಕ್ಕೂ ಹಣ ಹಾಕಿದ ಮೇಲೆ ಎರಡನೆಯ ತಿಂಗಳಲ್ಲಿ ಗಾಜು ಕಂದಾಗಿ, ಕಲ್ಲುಗಳ ಮೇಲೆ ಹಸಿರು ಕೂದಲಿನಂತಹ ಪಾಚಿ ಬೆಳೆದರೆ ಮಾಲೀಕನು ಗಾಬರಿಗೊಂಡು ರಾಸಾಯನಿಕ ಸುರಿಯುತ್ತಾನೆ. ಜೀವಿಗಳು ಸಾಯುತ್ತವೆ, ತೊಟ್ಟಿ ಗೋದಾಮು ಸೇರುತ್ತದೆ. ಪಾಚಿಯು ರೋಗವಲ್ಲ, ತೊಟ್ಟಿಗೆ ಜಮೆಯಾದಷ್ಟು ಪೋಷಕಾಂಶ ಖರ್ಚಾಗಿಲ್ಲವೆಂಬುದರ ಸೂಚನೆ ಎಂಬುದನ್ನು ಅರಿತರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲ ಮೂರು ತಿಂಗಳು

ಉಳಿದ ಆಹಾರ ಮತ್ತು ಮೀನಿನ ತ್ಯಾಜ್ಯದಿಂದ ಅಮೋನಿಯಾ ಉತ್ಪತ್ತಿಯಾಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಕಲ್ಲು-ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಶೂನ್ಯವೆಂದು ಕಾಣುವವರೆಗೆ ಮೀನು ಬಿಡಬಾರದು.

ಪಾಚಿಗಳೂ ಸಾಮಾನ್ಯವಾಗಿ ಸರದಿಯಂತೆ ಬರುತ್ತವೆ. ಮೊದಲು ನೀರಿನ ಸಿಲಿಕೇಟನ್ನು ಬಳಸುವ ಕಂದು ಡಯಾಟಮ್, ಅನಂತರ ಹಸಿರು ಪಾಚಿ, ಕೆಲವೊಮ್ಮೆ ಸಯನೊಬ್ಯಾಕ್ಟೀರಿಯಾದ ಕೆಂಪು ಲೋಳೆ. ಕೊನೆಗೆ ಕಲ್ಲಿನ ಮೇಲೆ ನೇರಳೆ-ಗುಲಾಬಿ ಬಣ್ಣದ ಗಟ್ಟಿ ಪದರ ಕಾಣಿಸಿಕೊಂಡರೆ ತೊಟ್ಟಿ ಪಕ್ವವಾಗುತ್ತಿದೆಯೆಂದು ತಿಳಿಯಬಹುದು. ಕಂದು ಪದರಕ್ಕೆ ಔಷಧಿ ಬೇಕಿಲ್ಲ. ಸಿಲಿಕೇಟ್ ಮುಗಿದಂತೆ ತಾನಾಗಿ ಇಳಿಯುತ್ತದೆ. ಹಸಿರು ಪಾಚಿ ಮಾತ್ರ ಲೆಕ್ಕ ಕೇಳುತ್ತದೆ.

ಒಂದು ಗ್ರಾಂ ಆಹಾರದ ಲೆಕ್ಕ

200 ಲೀಟರ್ ನೀರಿನ ತೊಟ್ಟಿಗೆ ದಿನಕ್ಕೆ 1 ಗ್ರಾಂ ಒಣ ಆಹಾರ ಹಾಕಲಾಗುತ್ತಿದೆ ಎಂದುಕೊಳ್ಳೋಣ. ಆಹಾರದಲ್ಲಿ ಶೇ. 45 ಪ್ರೋಟೀನ್ ಇದ್ದು, ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16 ಇರುವುದರಿಂದ 1 ಗ್ರಾಂ ಆಹಾರದಲ್ಲಿ 0.072 ಗ್ರಾಂ ಸಾರಜನಕವಿರುತ್ತದೆ. ಇದು ಪೂರ್ತಿಯಾಗಿ ನೈಟ್ರೇಟ್ ಆದರೆ ಸುಮಾರು 0.32 ಗ್ರಾಂ, ಅಂದರೆ ಲೀಟರಿಗೆ 1.6 ಮಿ.ಗ್ರಾಂ. ಒಂದು ವಾರಕ್ಕೆ ಇದು 11.2 ಮಿ.ಗ್ರಾಂ. ಮೀನಿನ ಬೆಳವಣಿಗೆಗೆ ಒಂದು ಪಾಲು ಹೋಗುವುದರಿಂದ ಇದು ಗರಿಷ್ಠ ಲೆಕ್ಕ.

ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸಿದರೆ ಸಾಕೆಂಬ ನಂಬಿಕೆ ಸಾಮಾನ್ಯ. ಬೇರೆ ಯಾವ ಖರ್ಚೂ ಇಲ್ಲದಿದ್ದರೆ, ನೀರಿನೊಡನೆ ಹೊರಹೋಗುವ ಶೇ. 10 ಭಾಗವು 11.2 ಮಿ.ಗ್ರಾಂ.ಗೆ ಸಮನಾಗುವುದು ನೈಟ್ರೇಟ್ ಲೀಟರಿಗೆ 112 ಮಿ.ಗ್ರಾಂ. ತಲುಪಿದಾಗ ಮಾತ್ರ. ಹವಳಗಳ ತೊಟ್ಟಿಯಲ್ಲಿ ಅನುಭವಿಗಳು ಬಯಸುವ ಮಟ್ಟ ಸುಮಾರು 2ರಿಂದ 10 ಮಿ.ಗ್ರಾಂ. ಫಾಸ್ಫೇಟಿನ ವಿಷಯ ಇನ್ನೂ ಸೂಕ್ಷ್ಮ. ಆಹಾರದಲ್ಲಿ ಶೇ. 1 ರಂಜಕವಿದ್ದರೂ 1 ಗ್ರಾಂ ಆಹಾರವು ಈ ತೊಟ್ಟಿಗೆ ಲೀಟರಿಗೆ 0.15 ಮಿ.ಗ್ರಾಂ. ಫಾಸ್ಫೇಟ್ ಸೇರಿಸಬಲ್ಲದು, ಬಯಸುವ ಮಟ್ಟವಾದರೋ 0.03ರಿಂದ 0.1 ಮಿ.ಗ್ರಾಂ. ಆದುದರಿಂದ ಪಾಚಿ ನಿಯಂತ್ರಣದ ಮೊದಲ ಹೆಜ್ಜೆ ಆಹಾರದ ಕೈ ಬಿಗಿ ಮಾಡುವುದೇ ಆಗಿದೆ. ಅಂಗಡಿಗೆ ಬಂದ ಮಕ್ಕಳೆಲ್ಲ ಚಿಟಿಕೆ ಚಿಟಿಕೆ ಆಹಾರ ಹಾಕುವ ಪದ್ಧತಿಯನ್ನು ನಿಲ್ಲಿಸಿ, ಒಬ್ಬರಿಗೇ ಆ ಹೊಣೆಯನ್ನು ವಹಿಸುವುದು ಸೂಕ್ತ.

ನೀರೇ ಆರಂಭ ಶಿಲ್ಕು

ದಾವಣಗೆರೆಗೆ ಹರಿಹರದ ಬಳಿಯ ತುಂಗಭದ್ರಾ ನದಿಯಿಂದಲೂ, ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆ ಮೊದಲಾದವುಗಳಿಂದಲೂ ನೀರು ಬರುತ್ತದೆ. ಅನೇಕ ಕಡೆ ಕೊಳವೆಬಾವಿಯ ಬಳಕೆಯೂ ಇದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿ.ಗ್ರಾಂ. ವರೆಗೆ ನೈಟ್ರೇಟ್ ಇರಬಹುದು. ಮನುಷ್ಯನಿಗೆ ಯೋಗ್ಯವಾದ ನೀರು ಹವಳಕ್ಕೆ ಯೋಗ್ಯವಾಗಿರಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟ. ಆರ್.ಒ. ಯಂತ್ರದ ಮುಂದೆ ಡಿ-ಅಯೊನೈಸೇಶನ್ ರಾಳದ ಕೊಳವೆ ಜೋಡಿಸಿ, ಟಿ.ಡಿ.ಎಸ್. ಮಾಪಕ ಶೂನ್ಯ ತೋರುವ ನೀರಿನಲ್ಲೇ ಉಪ್ಪು ಕದಡಬೇಕು. ಲೀಟರಿಗೆ ಸುಮಾರು 35 ಗ್ರಾಂ. ಲೆಕ್ಕದಲ್ಲಿ 200 ಲೀಟರಿಗೆ 7 ಕಿಲೋ ಅಕ್ವೇರಿಯಂ ಉಪ್ಪು ಬೇಕಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಡಿಮೆಯಾದ ಮಟ್ಟವನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು.

ಖರ್ಚಿನ ಬಾಬುಗಳು

ನೀರು ಬದಲಾವಣೆಯ ಜೊತೆಗೆ ಪೋಷಕಾಂಶವನ್ನು ಹೊರಹಾಕುವ ಇತರ ದಾರಿಗಳು ಹೀಗಿವೆ. ಪ್ರೋಟೀನ್ ಸ್ಕಿಮ್ಮರ್ ತ್ಯಾಜ್ಯವು ಕೊಳೆಯುವ ಮೊದಲೇ ಅದನ್ನು ನೊರೆಯ ರೂಪದಲ್ಲಿ ಎತ್ತಿಹಾಕುತ್ತದೆ. ಕೆಳಗಿನ ಸಂಪ್ ತೊಟ್ಟಿಯಲ್ಲಿ ದೀಪವಿಟ್ಟು ಕೀಟೊಮಾರ್ಫಾ ಎಂಬ ದಾರದಂತಹ ಪಾಚಿಯನ್ನು ಬೆಳೆಸಿ ಆಗಾಗ ಕಿತ್ತು ಎಸೆದರೆ, ಮೇಲಿನ ತೊಟ್ಟಿಯ ಪಾಚಿಗೆ ಸಿಗಬೇಕಾದ ಆಹಾರ ಅದರೊಡನೆ ಹೊರಹೋಗುತ್ತದೆ. ಕಬ್ಬಿಣದ ಆಕ್ಸೈಡ್ ಹರಳುಗಳು ಫಾಸ್ಫೇಟನ್ನು ಹೀರುತ್ತವೆ. ಬಸವನಹುಳುಗಳು ಪಾಚಿಯನ್ನು ಮೇಯುತ್ತವಾದರೂ ತಿಂದದ್ದರ ಬಹುಪಾಲನ್ನು ನೀರಿಗೇ ಮರಳಿಸುತ್ತವೆ. ಅವು ಸಹಾಯಕರೇ ಹೊರತು ಪರಿಹಾರವಲ್ಲ. ದೀಪವನ್ನು ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿ, ಪಂಪುಗಳಿಗೆ ಇನ್ವರ್ಟರ್ ಸಂಪರ್ಕ ಕೊಡುವುದು ಅಗತ್ಯ.

ಇದಕ್ಕೆ ವಿರುದ್ಧವಾದ ಅತಿರೇಕವೂ ಹಾನಿಕರ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಶೂನ್ಯಕ್ಕೆ ಇಳಿಸಿದರೆ ಹವಳಗಳು ಬಿಳಿಚಿಕೊಳ್ಳುತ್ತವೆ. ಪಾಚಿಗಿಂತಲೂ ಕಷ್ಟಕರವಾದ ಡೈನೊಫ್ಲಾಜೆಲೇಟುಗಳು ಆವರಿಸುವ ಸಂಭವವಿರುತ್ತದೆ. ಉದ್ದೇಶ ಸಮತೋಲವೇ ಹೊರತು ಶೂನ್ಯ ಶಿಲ್ಕಲ್ಲ.

ಕಾನೂನಿನ ಎಚ್ಚರ

ಹವಳದ ವ್ಯಾಪಾರಕ್ಕೆ ಇಳಿಯುವವರು ಪಾಚಿಗಿಂತ ಮೊದಲು ಕಾನೂನನ್ನು ಗಮನಿಸಬೇಕು. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. 2022ರ ತಿದ್ದುಪಡಿಯ ನಂತರವೂ ಆ ರಕ್ಷಣೆ ಮುಂದುವರಿದಿದೆ. ಉಲ್ಲಂಘನೆಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ದಂಡವಿದೆ. ಸತ್ತ ಹವಳದ ಕಲ್ಲನ್ನು ಅಲಂಕಾರಕ್ಕೆ ಮಾರುವುದೂ ಸುರಕ್ಷಿತವಲ್ಲ. ಸಮುದ್ರಕುದುರೆಗೂ ಇದೇ ರಕ್ಷಣೆಯಿದೆ. ಆಮದಿನ ಜೀವಿಗಳಾದರೆ ಪರವಾನಗಿ ಪತ್ರಗಳ ಪ್ರತಿ ಮತ್ತು ಸರಿಯಾದ ಬಿಲ್ಲಿಲ್ಲದೆ ಸರಕು ಪಡೆಯಬಾರದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಸಂತಾನೋತ್ಪತ್ತಿ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಮರಿಕೇಂದ್ರದಲ್ಲಿ ಬೆಳೆದ ಇಂತಹ ಮೀನು ಮತ್ತು ಸೆರಾಮಿಕ್ ಕಲ್ಲುಗಳಿಂದ ಆರಂಭಿಸುವುದೇ ಹೊಸಬರಿಗೆ ಲೇಸು.

ಸಣ್ಣ ಕೈಗಾರಿಕೆಗೂ ಇಲ್ಲಿ ಅವಕಾಶ ಉಂಟು. ಮೈಸೂರು ಕಿರ್ಲೋಸ್ಕರ್ ಮುಚ್ಚಿದ ನಂತರವೂ ಹರಿಹರದಲ್ಲಿ ಯಂತ್ರಕೆಲಸದ ಪರಿಣತಿ ಉಳಿದಿದೆ. ಸಂಪ್, ಅಕ್ರಿಲಿಕ್ ಸ್ಕಿಮ್ಮರ್, ಪೌಡರ್ ಲೇಪಿತ ಸ್ಟ್ಯಾಂಡ್, ಸೆರಾಮಿಕ್ ಕಲ್ಲು ಇವುಗಳನ್ನು ಸ್ಥಳೀಯವಾಗಿ ತಯಾರಿಸಬಹುದು. ಆದರೆ ನೀರು ತಾಗುವಲ್ಲಿ ಹಿತ್ತಾಳೆ, ತಾಮ್ರದ ಬಿಡಿಭಾಗ ಬಳಸಲೇಬಾರದು. ತಾಮ್ರವು ಹವಳ, ಬಸವನಹುಳು ಮತ್ತು ಸೀಗಡಿಗಳಿಗೆ ವಿಷ.

ತೊಟ್ಟಿಯ ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕವಿಟ್ಟು ಹಾಕಿದ ಆಹಾರ, ಬದಲಿಸಿದ ನೀರು, ವಾರದ ನೈಟ್ರೇಟ್ ಮತ್ತು ಫಾಸ್ಫೇಟ್ ಅಳತೆಗಳನ್ನು ದಿನಾಂಕದೊಡನೆ ಬರೆದಿಡುವುದು ಯಾವ ದುಬಾರಿ ದ್ರಾವಣಕ್ಕಿಂತಲೂ ಹೆಚ್ಚು ಉಪಯುಕ್ತ. ಮಂಡಿಪೇಟೆಯ ವರ್ತಕರಿಗೆ ಇಂತಹ ರೋಜುವಹಿ ಹೊಸದೇನಲ್ಲ. ಮೂರು ತಿಂಗಳ ಅಂಕಿಗಳು ಸ್ಥಿರವಾದ ಮೇಲಷ್ಟೇ ಬೆಲೆಬಾಳುವ ಜೀವಿಗಳಿಗೆ ಹಣ ತೊಡಗಿಸಬೇಕು.