ಎಂಜಿನ್ ನಿಂತಿತು ಸರಿ, ಹಿಂದಿನ ಬಸ್ಸು ನಿಲ್ಲಬೇಕಲ್ಲ!

ಶನಿವಾರ ಬೆಳಗಾದರೆ ಸಾಕು, ಮೂಡಿಗೆರೆ-ಕೊಟ್ಟಿಗೆಹಾರದ ದಾರಿಯಲ್ಲಿ ಕಾರುಗಳ ಜಾತ್ರೆ. ಅದರಲ್ಲೂ ಈಚೆಗೆ ಬರುತ್ತಿರುವವು ಸಾದಾ ಕಾರುಗಳಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಹುಲಿಯ ಹಾಗೆ ಗುರುಗುಟ್ಟುತ್ತ ಓಡುವ ಟರ್ಬೊ ಕಾರುಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿದು, ಉಜಿರೆಯಲ್ಲಿ ತಿರುಗಿಸಿ ಮತ್ತೆ ಹತ್ತುವುದೇ ಒಂದು ಮೋಜು. ಬರಲಿ, ಬೇಡ ಅನ್ನೋರು ಯಾರು? ಹೋಟೆಲಿನವರಿಗೂ ನಾಲ್ಕು ಕಾಸು. ತಕರಾರು ಇರುವುದು ಕಾರು ಓಡುವಾಗ ಅಲ್ಲ, ತಟ್ಟನೆ ನಿಂತಾಗ.

ನಿಂತಾಗ ಏನಾಗುತ್ತದೆ? ತಿರುವಿನ ನಡುವೆ ಎಂಜಿನ್ ಬಂದ್. ಧಣಿಗಳು ಕೆಳಗಿಳಿದು ಬಾನೆಟ್ ಎತ್ತುತ್ತಾರೆ. ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಅದನ್ನೇ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಮೊಬೈಲ್ ಎತ್ತಿ ಸಿಗ್ನಲ್ ಹುಡುಕುತ್ತಾರೆ. ಹೆಂಡತಿ ಮಕ್ಕಳು ಒಳಗೇ ಕೂತಿರುತ್ತಾರೆ. ಅಷ್ಟರಲ್ಲಿ ಮಂಜಿನೊಳಗಿಂದ ಧರ್ಮಸ್ಥಳದ ಬಸ್ಸು ಬರುತ್ತದೆ. ಎಂಜಿನ್ ಕೆಟ್ಟರೆ ಹಣದ ನಷ್ಟ, ಅದು ಧಣಿಗಳ ಸ್ವಂತ ವಿಚಾರ. ಆದರೆ ಹಿಂದಿನ ರಸ್ತೆ ಎಲ್ಲರದು. ಅಲ್ಲಿ ಹೋಗುವುದು ಜೀವ.

ಮೊದಲ ಅರ್ಧ ನಿಮಿಷ

ಎಂಜಿನ್ ಸತ್ತ ಕೂಡಲೇ ಕಾರೇ ಸತ್ತಿತು ಅಂತ ಕೈ ಬಿಡುವವರುಂಟು. ಹಾಗಿಲ್ಲ ಸ್ವಾಮಿ. ಸ್ಟೀಯರಿಂಗ್ ತಿರುಗುತ್ತದೆ, ಬ್ರೇಕೂ ಹಿಡಿಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ನಡೆಯುವ ಹಳೇ ಪವರ್ ಸ್ಟೀಯರಿಂಗ್ ಆದರೆ ಕಲ್ಲಿನಷ್ಟು ಭಾರವಾಗುತ್ತದೆ, ಎರಡೂ ಕೈಯಲ್ಲಿ ಬಲ ಹಾಕಿ ತಿರುಗಿಸಬೇಕು. ಕರೆಂಟಿನ ಸ್ಟೀಯರಿಂಗ್ ಆದರೆ ಬ್ಯಾಟರಿ ಇರುವ ತನಕ ಸಾಮಾನ್ಯವಾಗಿ ಹಗುರಾಗಿಯೇ ಇರುತ್ತದೆ.

ಬ್ರೇಕಿನ ಬೂಸ್ಟರಿನಲ್ಲಿ ಎರಡು-ಮೂರು ಸಲ ಒತ್ತುವಷ್ಟು ಶಕ್ತಿ ಉಳಿದಿರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಒತ್ತಿ ಒತ್ತಿ ಬಿಟ್ಟರೆ ಅದು ಖಾಲಿ. ಒಂದೇ ಸಲ ಹದವಾಗಿ ಒತ್ತಿ, ಒತ್ತಿದ್ದನ್ನು ಹಿಡಿದುಕೊಳ್ಳಬೇಕು. ಖಾಲಿಯಾದರೂ ಹೆದರಬೇಕಿಲ್ಲ, ಪೆಡಲ್ ಗಟ್ಟಿಯಾಗುತ್ತದೆ ಅಷ್ಟೆ. ಕಾಲಿನ ಪೂರ್ತಿ ಬಲ ಹಾಕಿದರೆ ಬ್ರೇಕ್ ಹಿಡಿಯುತ್ತದೆ. ಓಡುವ ಕಾರಿನ ಕೀಲಿಯನ್ನು ಮಾತ್ರ ಕಿತ್ತುಕೊಳ್ಳಬೇಡಿ, ಸ್ಟೀಯರಿಂಗ್ ಲಾಕ್ ಆದೀತು!

ಚಕ್ರಗಳನ್ನು ಯಾರೋ ಹಿಡಿದೆಳೆದ ಹಾಗೆ ಅನಿಸಿದರೆ ಎಂಜಿನ್ ಜಾಮ್ ಆಗಿದೆ ಅಂತ ಅರ್ಥ. ತಕ್ಷಣ ಕ್ಲಚ್ ಒತ್ತಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ನ್ಯೂಟ್ರಲ್‌ಗೆ ತಳ್ಳಬೇಕು. ಜಾಮ್ ಆಗದೆ ಬರಿದೆ ಬಂದ್ ಆಗಿದ್ದರೆ, ಇಳಿಜಾರಿನಲ್ಲಿ ಗೇರು ತೆಗೆಯುವ ಆತುರ ಬೇಡ. ಗೇರಿನ ಹಿಡಿತ ಹೋದರೆ ಭಾರವೆಲ್ಲ ಬ್ರೇಕಿನ ತಲೆಗೆ. ನಾಲ್ಕೂ ಇಂಡಿಕೇಟರ್ ಹಾಕಿ, ಇರುವ ಓಟದಲ್ಲೇ ತಿರುವು ದಾಟಿಸಿ, ಎಡಕ್ಕೆ ಒತ್ತರಿಸಿ ನಿಲ್ಲಿಸಿದರೆ ಅರ್ಧ ಗಂಡಾಂತರ ಕಳೆದ ಹಾಗೆ.

ಕಲ್ಲು, ಸೊಪ್ಪು, ತ್ರಿಕೋನ

ಲಾರಿಯವರನ್ನು ನೋಡಿ ಕಲಿಯಬೇಕು. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಮೊದಲು ಧುಮುಕಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಆಮೇಲೆ ಒಂದು ಹಿಡಿ ಸೊಪ್ಪು ಮುರಿದು ಹಿಂದೆ ಹಾಕುತ್ತಾನೆ. ಎಂಜಿನ್ ಕಡೆ ನೋಡುವುದು ಅದೆಲ್ಲ ಆದ ಮೇಲೆ. ಲಕ್ಷಾಂತರ ರೂಪಾಯಿಯ ಕಾರಿಗೆ ಕ್ಲೀನರ್ ಇಲ್ಲವಲ್ಲ, ಆ ಕೆಲಸವನ್ನು ಧಣಿಗಳೇ ಮಾಡಬೇಕು.

ಡಿಕ್ಕಿಯಲ್ಲಿ ಕೆಂಪು ತ್ರಿಕೋನ ಇರುತ್ತದೆ. ಅದನ್ನು ಕಾರಿನ ಬಾಲಕ್ಕೆ ಒರಗಿಸಿಟ್ಟರೆ ಏನೂ ಪ್ರಯೋಜನವಿಲ್ಲ. ಐವತ್ತು ಹೆಜ್ಜೆಗೂ ಹೆಚ್ಚು ಹಿಂದಕ್ಕೆ, ಘಾಟಿಯಲ್ಲಾದರೆ ತಿರುವಿನ ಆಚೆಗೇ ಇಡಬೇಕು. ಬಸ್ಸಿನವನಿಗೆ ಕಾರು ಕಾಣುವ ಮೊದಲು ತ್ರಿಕೋನ ಕಾಣಬೇಕು. ಒಳಗಿದ್ದವರನ್ನು ಇಳಿಸಿ, ಕಾರಿನಿಂದ ದೂರಕ್ಕೆ, ರಸ್ತೆಯ ಅಂಚಿಗೆ ಕಳಿಸಬೇಕು. ಹೊಗೆಯೋ ಪೆಟ್ರೋಲಿನ ವಾಸನೆಯೋ ಬಂದರೆ ಬಾನೆಟ್ ಎತ್ತುವ ಗೋಜಿಗೇ ಹೋಗಬಾರದು.

ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಘಾಟಿಯಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. ಮೇಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟಿಗೆಹಾರಕ್ಕೆ ಸುದ್ದಿ ಕಳಿಸುವುದು ಹಳೇ ಪದ್ಧತಿ, ಈಗಲೂ ನಡೆಯುತ್ತದೆ.

'ಇನ್ನೊಂದ್ ಸಲ ಸೆಲ್ಫ್ ಹೊಡಿ ನೋಡಣ'

ಎಂಜಿನ್ನಿನ ಜೀವ ಹೋಗುವುದು ಹೆಚ್ಚಾಗಿ ಈ ಮಾತಿನಿಂದ. 6000 ಸುತ್ತಿನಲ್ಲಿ ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಕೆಳಗೆ ಓಡುತ್ತದೆ. ಹೊಗೆಯ ಬಲದಿಂದ ತಿರುಗುವ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಇವೆರಡನ್ನೂ ಕಾಯುವುದು ಆಯಿಲಿನ ತೆಳು ಪದರ. ಕೆಂಪು ಆಯಿಲ್ ದೀಪ ಹತ್ತಿತು ಅಂದರೆ ಒತ್ತಡ ಹೋಯಿತು ಅಂತ. 'ಮುಂದಿನ ಬಂಕ್ ತನಕ ಹೋಗೋಣ' ಅನ್ನುವ ದೀಪ ಅಲ್ಲ ಅದು.

ಟೈಮಿಂಗ್ ಬೆಲ್ಟ್ ತುಂಡಾದರೆ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಮತ್ತೆ ಗುದ್ದು. ಮಳೆಗಾಲದಲ್ಲಿ ತಗ್ಗಿನ ನೀರಿಗೆ ಇಳಿದರೆ ಇನ್ನೂ ಕಷ್ಟ. ಗಾಳಿ ಎಳೆಯುವ ಬಾಯಿಯಿಂದ ನೀರು ಒಳಗೆ ಹೋಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗೆ ಕೆಡಿಸಿಕೊಂಡ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ, ಎಂಜಿನ್ ರಕ್ಷಣೆಗೆ ಬೇರೆಯೇ ಕಂತು ಕಟ್ಟಿರಬೇಕು.

ಕುದಿದ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳಬೇಡಿ. ಆಟೋಮ್ಯಾಟಿಕ್ ಕಾರನ್ನೂ, ನಾಲ್ಕು ಚಕ್ರ ಎಳೆಯುವ ಕಾರನ್ನೂ ಹಗ್ಗ ಕಟ್ಟಿ ಎಳೆಸಬೇಡಿ. ಲಾರಿಯ ಮೇಲೆ ಹೇರಿ ಒಯ್ಯುವುದೇ ಸರಿ.

300 ಮೀಟರಿನ ಕತೆ

ರ‍್ಯಾಲಿಯ ಹುಚ್ಚು ಈ ಜಿಲ್ಲೆಗೆ ಹೊಸದಲ್ಲ. 2015ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲೇ ನಡೆಯಿತು. ರ‍್ಯಾಲಿ ನೋಡುವ ಹುಡುಗರಿಗೆ 1998ರ ನವೆಂಬರಿನ ಕತೆ ಗೊತ್ತಿರಬೇಕು.

ಬ್ರಿಟನ್ನಿನ ವೇಲ್ಸ್‌ನಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಕೊನೆಯ ಸ್ಪರ್ಧೆ. ಸ್ಪೇನಿನ ಕಾರ್ಲೋಸ್ ಸೈನ್ಜ್ ನಾಲ್ಕನೆಯವರಾಗಿ ಮುಗಿಸಿದರೆ ಸಾಕು, ಪಟ್ಟ ಅವರದೇ. ಗುರಿ ಇನ್ನು 300 ಮೀಟರ್ ಇದೆ ಅನ್ನುವಾಗ ಅವರ ಟೊಯೊಟಾ ಕೊರೊಲ್ಲಾದ ಕನೆಕ್ಟಿಂಗ್ ರಾಡ್ ಮುರಿಯಿತು. ಜತೆಗಾರ ಲೂಯಿಸ್ ಮೋಯ 'ಸ್ಟಾರ್ಟ್ ಮಾಡು ಕಾರ್ಲೋಸ್' ಅಂತ ಕೂಗಿಕೊಂಡರು. ಮುರಿದ ಎಂಜಿನ್ ಯಾರ ಕೂಗಿಗೂ ಓಗೊಡಲಿಲ್ಲ. ಮೋಯ ಸಿಟ್ಟಿಗೆ ಹೆಲ್ಮೆಟ್ ಬೀಸಿ ಕಾರಿನ ಹಿಂದಿನ ಗಾಜು ಒಡೆದರು. ಎರಡೇ ಅಂಕದಲ್ಲಿ ಪಟ್ಟ ಫಿನ್‌ಲೆಂಡಿನ ಟಾಮಿ ಮಾಕಿನೆನ್ ಪಾಲಾಯಿತು.

ಇಷ್ಟು ಎಲ್ಲರಿಗೂ ನೆನಪಿದೆ. ಮರೆತಿರುವುದು ಇನ್ನೊಂದು. ಆ ಮಾಕಿನೆನ್ ಮೊದಲ ದಿನವೇ ಸ್ಪರ್ಧೆಯಿಂದ ಹೊರಬಿದ್ದಿದ್ದರು. ಮುಂದೆ ಹೋಗಿದ್ದ ಒಂದು ಹಳೇ ಕಾಲದ ಕಾರು ರಸ್ತೆಗೆ ಆಯಿಲ್ ಚೆಲ್ಲಿಕೊಂಡು ಹೋಗಿತ್ತು. ಅದರ ಮೇಲೆ ಜಾರಿ ಕಾಂಕ್ರೀಟಿಗೆ ಬಡಿದು ಮಾಕಿನೆನ್ ಅವರ ಕಾರಿನ ಚಕ್ರವೇ ಹೋಯಿತು. ಜಗತ್ತಿನ ಅತಿ ಜಾಣ ಡ್ರೈವರಿಗೇ ಈ ಗತಿಯಾದರೆ, ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವವನ ಗತಿ ಏನು?

ಅದಕ್ಕೇ ಕೊನೆಯದಾಗಿ ಒಂದು ಮಾತು. ಗಾಡಿ ಸರಿಯಾಯಿತು, ಇಲ್ಲವೇ ಎತ್ತುವ ಲಾರಿ ಬಂದು ಒಯ್ದಿತು ಅಂದುಕೊಳ್ಳಿ. ಚಕ್ರಕ್ಕೆ ಕೊಟ್ಟ ಕಲ್ಲು ರಸ್ತೆಯಲ್ಲೇ ಉಳಿದಿರುತ್ತದೆ. ಚೆಲ್ಲಿದ ಆಯಿಲಿನ ಮೇಲೆ ಒಂದು ಬೊಗಸೆ ಮಣ್ಣೂ ಬಿದ್ದಿರುವುದಿಲ್ಲ. ಲಾರಿಯವರೂ ಇದೇ ತಪ್ಪು ಮಾಡುತ್ತಾರೆ, ಕಾರಿನವರೂ ಮಾಡುತ್ತಾರೆ. ಕಲ್ಲು ಎತ್ತಿ ಚರಂಡಿಗೆ ಹಾಕಲು ಅರ್ಧ ನಿಮಿಷ, ಮಣ್ಣು ಎರಚಲು ಇನ್ನರ್ಧ ನಿಮಿಷ. ಶೋಕಿಯ ಕಾರು ಓಡಿಸುವವರಿಗೆ ಅಷ್ಟು ಪುರುಸೊತ್ತು ಇಲ್ಲದೆ ಹೋದರೆ ಹೇಗೆ?